‘ಮೂಲರೂಪ’ದ ಮೋಹ ಮತ್ತು ಉಸ್ತಾದನ ಸುತ್ತಿಗೆ

ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದನೆಂದರೆ ನಮ್ಮ ಕರಾವಳಿಯ ಮುಸ್ಲಿಂ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ಇವನನ್ನು ಗ್ಯಾರೇಜಿಗೆ ಹಾಕಿ’ ಎಂಬುದು. ಅದು ಸಲಹೆಯಲ್ಲ, ಶಿಕ್ಷೆ. ಓದು ತಲೆಗೆ ಹತ್ತದವನಿಗೆ, ಬೇರೆ ದಾರಿ ಇಲ್ಲದವನಿಗೆ ಗ್ಯಾರೇಜು ಎಂದು ಸಮುದಾಯವೇ ತೀರ್ಪು ಕೊಟ್ಟಾಗಿದೆ. ಊರಿನವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ಗಾಡಿಯ ರೂಪ ಬದಲಿಸುವವರೆಲ್ಲ ಪುಂಡರು. ಕಾನೂನು ಮೂರನೆಯ ಮಾತು ಹೇಳುತ್ತದೆ: ಕಂಪೆನಿ ಕೊಟ್ಟ ರೂಪವೇ ಗಾಡಿಯ ಕೊನೆಯ ರೂಪ. ಈ ಮೂರೂ ಮಾತುಗಳ ಬೇರು ಒಂದೇ. ಅದು ಕೈಕೆಲಸದ ಬಗೆಗಿನ ತಾತ್ಸಾರ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ರಸ್ತೆ ಬದಿಯ ಶೆಡ್ಡುಗಳಲ್ಲಿ ಬೆಳೆದ ಒಂದು ವಿದ್ಯೆ ಈ ತಾತ್ಸಾರದಿಂದಾಗಿ ನಮ್ಮ ಕಣ್ಣೆದುರೇ ಸಾಯುತ್ತಿದೆ. ಅದರ ಪರವಾಗಿ ವಾದಿಸುವವರು ಯಾರೂ ಕಾಣದ್ದರಿಂದ ಕತೆ ಬರೆಯುವ ನಾವು ಈ ಕೆಲಸಕ್ಕೆ ಇಳಿಯಬೇಕಾಗಿದೆ.

ಇದೇ ವಿದ್ಯೆಯನ್ನು ಬೇರೊಂದು ದೇಶ ಹೇಗೆ ನೋಡಿತು ಎಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಇನ್ನೊಂದು ಪಶ್ಚಿಮ ಕರಾವಳಿಯಲ್ಲಿ

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯದಲ್ಲಿ ಸೈನ್ಯದಿಂದ ಮರಳಿದ ಯುವಕರಿದ್ದರು. ಅವರಲ್ಲಿ ಅನೇಕರಿಗೆ ವೆಲ್ಡಿಂಗ್ ಗೊತ್ತಿತ್ತು, ತಗಡಿನ ಕೆಲಸ ಗೊತ್ತಿತ್ತು. ಹಳೆಯ ಫೋರ್ಡ್ ಕಾರುಗಳು ಅಗ್ಗದಲ್ಲಿ ಸಿಗುತ್ತಿದ್ದವು. ಡಿಟ್ರಾಯಿಟ್ ನಗರದ ಕಾರ್ಖಾನೆಗಳು ಒಂದೇ ಅಚ್ಚಿನ ಲಕ್ಷಗಟ್ಟಲೆ ಕಾರುಗಳನ್ನು ಹೊರಹಾಕುತ್ತಿದ್ದವು. ‘ಎಲ್ಲರಿಗೂ ಒಂದೇ ಅಂಗಿ ಯಾಕೆ?’ ಎಂದು ಈ ಹುಡುಗರು ಕೇಳಿದರು. ಕೆಲವರು ವೇಗಕ್ಕಾಗಿ ಕಾರನ್ನು ಬದಲಿಸಿದರು. ಅದು ‘ಹಾಟ್ ರಾಡ್’ ಎನಿಸಿಕೊಂಡಿತು, 1948ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ಇನ್ನು ಕೆಲವರು ನೋಟಕ್ಕಾಗಿ, ಅಂದಕ್ಕಾಗಿ ಬದಲಿಸಿದರು. ಅದೇ ‘ಕಸ್ಟಮ್’ ಕಾರು.

ಈ ಎರಡನೆಯ ಪಂಗಡದಲ್ಲಿ ಹೆಸರು ಮಾಡಿದವರು ಸ್ಯಾಮ್ ಬ್ಯಾರಿಸ್ ಮತ್ತು ಜಾರ್ಜ್ ಬ್ಯಾರಿಸ್ ಎಂಬ ಅಣ್ಣತಮ್ಮಂದಿರು. ಹೆಸರು ಕೇಳಿ ನಮ್ಮ ಬ್ಯಾರಿಗಳ ನೆಂಟರೆಂದು ಭಾವಿಸಬೇಡಿ, ಅವರು ಗ್ರೀಸ್‌ನಿಂದ ವಲಸೆ ಬಂದವರ ಮಕ್ಕಳು. ಸ್ಯಾಮ್ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವನು. ಹೊಸದಾಗಿ ಬಂದಿದ್ದ 1949ರ ಮರ್ಕ್ಯುರಿ ಕಾರಿನ ಚಾವಣಿಯನ್ನು ಕತ್ತರಿಸಿ, ತಗ್ಗಿಸಿ, ಮತ್ತೆ ಬೆಸುಗೆ ಹಾಕಿದ. ಕೇಳುವುದಕ್ಕೆ ಸುಲಭ. ಆದರೆ ಚಾವಣಿ ತಗ್ಗಿದರೆ ಕಂಬಗಳ ಓರೆ ಬದಲಾಗುತ್ತದೆ, ಗಾಜು ಕೂರುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಒಂದನ್ನು ಮುಟ್ಟಿದರೆ ಹತ್ತನ್ನು ಮುಟ್ಟಬೇಕು. ಬೆಸುಗೆಯ ಗೆರೆಗಳನ್ನು ಕರಗಿಸಿದ ಸೀಸದಿಂದ ತುಂಬಿ, ಅರದಿಂದ ಉಜ್ಜಿ, ಎಲ್ಲಿ ಕತ್ತರಿಸಿದರೆಂದು ತಿಳಿಯದ ಹಾಗೆ ಮಾಡಬೇಕು.

1952ರಲ್ಲಿ ಬಾಬ್ ಹಿರೊಹಾಟ ಎಂಬ ಯುವಕನಿಗಾಗಿ ಈ ಅಣ್ಣತಮ್ಮಂದಿರು 1951ರ ಮರ್ಕ್ಯುರಿಯೊಂದರ ರೂಪ ಬದಲಿಸಿದರು. ಚಾವಣಿಯನ್ನು ಮುಂದೆ 4 ಇಂಚು, ಹಿಂದೆ 7 ಇಂಚು ತಗ್ಗಿಸಿದರು. ಬಾಗಿಲ ಹಿಡಿಗಳನ್ನು ತೆಗೆದರು. ಬ್ಯೂಕ್ ಕಾರಿನ ಪಕ್ಕದ ಪಟ್ಟಿ ತಂದು ಜೋಡಿಸಿದರು. ತಿಳಿಹಸಿರು, ಕಡುಹಸಿರು ಬಣ್ಣ ಹಾಕಿದರು. ಹಿರೊಹಾಟ ಜಪಾನಿ ಮೂಲದವನು. 1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಿದ್ದು ಇದೇ ಕರಾವಳಿಯಿಂದ. ಅದಾಗಿ ಹತ್ತು ವರ್ಷಕ್ಕೆ ಜಪಾನಿ ಹೆಸರಿನ ಹುಡುಗನೊಬ್ಬನ ಕಾರು ಇಡೀ ದೇಶದ ಕಣ್ಣು ಸೆಳೆಯಿತು. 1959ರಲ್ಲಿ ಅದನ್ನು ಹದಿಹರೆಯದ ಹುಡುಗನೊಬ್ಬ 500 ಡಾಲರಿಗೆ ಕೊಂಡ. 2017ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು. 2022ರಲ್ಲಿ ಹರಾಜಾದಾಗ ಸುಮಾರು 20 ಲಕ್ಷ ಡಾಲರಿಗೆ ಹೋಯಿತು.

ಅಮೆರಿಕವೇನೂ ಮೊದಲಿನಿಂದಲೂ ಉದಾರಿಯಾಗಿರಲಿಲ್ಲ. ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಮೂಲದ ಬಡ ಯುವಕರು ತಮ್ಮ ಕಾರುಗಳನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಮೈತುಂಬ ಬಣ್ಣ ಬಳಿದು, ಸಂಜೆ ಹೊತ್ತು ಮೆಲ್ಲಗೆ ಓಡಿಸುತ್ತಿದ್ದರು. ಅದು ‘ಲೋರೈಡರ್’. 1958ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನು, ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಬರಬಾರದು ಎಂದಿತು. ಮರುವರ್ಷವೇ ರಾನ್ ಅಗಿರೆ ಎಂಬಾತ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ತಂದು ಕಾರಿಗೆ ಕೂರಿಸಿದ. ಪೊಲೀಸರು ಕಂಡರೆ ಕಾರು ಮೇಲೇಳುತ್ತಿತ್ತು, ಹೋದ ಮೇಲೆ ಮತ್ತೆ ಕೂರುತ್ತಿತ್ತು! ಎಷ್ಟೋ ದಶಕಗಳ ಕಾಲ ಈ ಯುವಕರನ್ನು ಕಂಡರೆ ಪೊಲೀಸರಿಗೆ ಗುಮಾನಿ. ಆದರೆ 2017ರಲ್ಲಿ ‘ಜಿಪ್ಸಿ ರೋಸ್’ ಎಂಬ ಲೋರೈಡರ್ ಕಾರನ್ನು ರಾಜಧಾನಿ ವಾಷಿಂಗ್ಟನ್ನಿನ ರಾಷ್ಟ್ರೀಯ ಬಯಲಿನಲ್ಲಿ ಗಾಜಿನ ಮನೆ ಕಟ್ಟಿ ಪ್ರದರ್ಶನಕ್ಕಿಟ್ಟರು. 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯ ಆ ಹಳೆಯ ನಿಷೇಧವನ್ನೇ ತೆಗೆದುಹಾಕಿತು. ಪುಂಡಾಟವೆಂದು ಕರೆದದ್ದನ್ನು ಪರಂಪರೆಯೆಂದು ಒಪ್ಪಿಕೊಳ್ಳಲು ಆ ರಾಜ್ಯಕ್ಕೆ 66 ವರ್ಷ ಬೇಕಾಯಿತು.

ನಮ್ಮ ಶೆಡ್ಡುಗಳಲ್ಲಿ

ಅಮೆರಿಕದಲ್ಲಿ ಶೋಕಿಗಾಗಿ ಮಾಡಿದ್ದನ್ನು ನಮ್ಮವರು ಹೊಟ್ಟೆಪಾಡಿಗಾಗಿ ಮಾಡಿದರು. ವ್ಯತ್ಯಾಸ ಅಷ್ಟೇ. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ 1958ರಿಂದ 2014ರವರೆಗೆ ತಯಾರಾಯಿತು. ಉಡುಪಿಯ ಟ್ಯಾಕ್ಸಿಯವರು ಪೆಟ್ರೋಲಿನ ಬೆಲೆ ತಾಳಲಾರದೆ ಅದರ ಪೆಟ್ರೋಲ್ ಎಂಜಿನ್ ಕೆಳಗಿಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಕಾರ್ಕಳದಿಂದ ಘಟ್ಟದ ಬುಡದ ಊರುಗಳಿಗೆ ಹೋಗುವ ಸರ್ವಿಸ್ ಜೀಪುಗಳ ಹಿಂಭಾಗವನ್ನು ಉದ್ದ ಮಾಡಿ, ಬೆಂಚು ಹಾಕಿ, ಜನರನ್ನೂ ಅಡಿಕೆ ಮೂಟೆಯನ್ನೂ ಒಟ್ಟಿಗೇ ಸಾಗಿಸಿದರು. ಯಾವ ಕಾರ್ಖಾನೆಯೂ ಕಾರ್ಕಳದ ರಸ್ತೆಗೆಂದು ಜೀಪು ಮಾಡಿರಲಿಲ್ಲ. ಕಾರ್ಕಳದ ಟಿಂಕರ್ ಮಾಡಿದ.

ಇನ್ನು ಕಾಪುವಿನ ಕಡೆ ಬನ್ನಿ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಮೇಲಿಂದ ಕಡಲಿನ ಉಪ್ಪು ಗಾಳಿ. ಇಲ್ಲಿ ಕಾರಿನ ಅಡಿಯ ತಗಡು, ಬಾಗಿಲ ಕೆಳಅಂಚು, ಚಕ್ರದ ಮೇಲಿನ ಕಮಾನು ಹಪ್ಪಳದಂತೆ ಪುಡಿಯಾಗುತ್ತವೆ. ಬಯಲುಸೀಮೆಯ ಟಿಂಕರನಿಗೆ ತಗ್ಗು ಎತ್ತಿದರೆ ಸಾಕು. ಕರಾವಳಿಯವನು ಇಲ್ಲದ ತಗಡನ್ನೇ ಹುಟ್ಟಿಸಬೇಕು. ಚಪ್ಪಟೆ ಹಾಳೆಯನ್ನು ಕತ್ತರಿಸಿ, ಒಳಗಿನಿಂದ ಡಾಲಿ ಒತ್ತಿ ಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ ಸವರಿ ನೋಡಿ ಕಮಾನು ತರುವುದು ಯಾವ ಪುಸ್ತಕದಲ್ಲೂ ಇಲ್ಲದ ಗಣಿತ. ಸ್ಯಾಮ್ ಬ್ಯಾರಿಸ್‌ಗೆ ಗೊತ್ತಿದ್ದದ್ದೂ ಇದೇ ಗಣಿತ.

ಈ ಗಣಿತ ಕಲಿಸುವವನನ್ನು ಗ್ಯಾರೇಜಿನಲ್ಲಿ ‘ಉಸ್ತಾದ್’ ಎನ್ನುತ್ತಾರೆ. ಮದರಸದಲ್ಲಿ ಮಕ್ಕಳಿಗೆ ಕಲಿಸುವವರೂ ಉಸ್ತಾದ್, ಸಂಗೀತ ಕಲಿಸುವವರೂ ಉಸ್ತಾದ್. ಭಾಷೆ ಈ ಮೂವರಿಗೂ ಒಂದೇ ಪೀಠ ಹಾಕಿಕೊಟ್ಟಿದೆ. ಉರ್ದುವಿನ ‘ಹುನರ್’ ಎಂಬ ಪದಕ್ಕೆ ಕಲೆ, ಕುಶಲತೆ, ಕೈವಾಡ ಎಲ್ಲವೂ ಅರ್ಥ. ಕಲೆಯನ್ನೂ ಕಸುಬನ್ನೂ ಬೇರೆ ಮಾಡುವ ರೋಗ ಆ ಪದಕ್ಕಿಲ್ಲ, ಅದನ್ನಾಡುವ ನಮಗಿದೆ. ಮದುವೆ ಮಾತುಕತೆಯಲ್ಲಿ ‘ಹುಡುಗ ಟಿಂಕರ್’ ಎಂದರೆ ಹೆಣ್ಣಿನ ಕಡೆಯವರ ಮುಖ ಸಣ್ಣದಾಗುತ್ತದೆ. ಅದೇ ಹುಡುಗ ಶಾರ್ಜಾದ ಗ್ಯಾರೇಜಿನಲ್ಲಿ ಅದೇ ಸುತ್ತಿಗೆ ಹಿಡಿದರೆ ‘ಗಲ್ಫಿನಲ್ಲಿದ್ದಾನೆ’!

ಕಾರ್ಕಳದ ಹೊರವಲಯದಲ್ಲಿ ಶೆಡ್ ಇಟ್ಟುಕೊಂಡ ಹಿರಿಯ ಟಿಂಕರ್ ಒಬ್ಬರಿದ್ದಾರೆ. ‘ಕಾಕ, ಈಗ ಕೆಲಸ ಹೇಗಿದೆ?’ ಎಂದು ಒಮ್ಮೆ ಕೇಳಿದೆವು. ‘ಕೆಲಸ ಎಲ್ಲಿದೆ ಮಾರಾಯ್ರೆ, ಈಗ ಎಲ್ಲ ಬದಲಿಸುದು’ ಎಂದರು. ಅವರ ಮಾತಿನ ಅರ್ಥ ಇಷ್ಟು: ಬಂಪರ್ ಪ್ಲಾಸ್ಟಿಕ್ಕಿನದು, ಒಡೆದರೆ ಬಿಸಾಡಬೇಕು. ಬಾಗಿಲು ಜಜ್ಜಿದರೆ ವಿಮೆಯ ದುಡ್ಡಿನಲ್ಲಿ ಹೊಸ ಬಾಗಿಲು ಬರುತ್ತದೆ. ಸರಿಪಡಿಸುವುದಕ್ಕಿಂತ ಬದಲಿಸುವುದು ಕಂಪೆನಿಗೂ ಲಾಭ, ಗಿರಾಕಿಗೂ ಸಲೀಸು. ‘ನನ್ನ ಕೈಯಲ್ಲಿ ಕಲಿತವರು ಆರು ಮಂದಿ. ಒಬ್ಬನೂ ಊರಲ್ಲಿಲ್ಲ’ ಎಂದು ಸೇರಿಸಿದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಕಾನೂನಿನ ಕನ್ನಡಕ

ಈಗ ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇನ್ನೊಂದು ಬದಿಯಲ್ಲಿ, 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆ ‘ವಿಂಟೇಜ್’ ಎಂಬ ಗೌರವದ ನೋಂದಣಿ ತಂದಿತು. ಸಂತೋಷ. ಆದರೆ ಷರತ್ತು ನೋಡಿ: ವಾಹನಕ್ಕೆ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದೂ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ಇತ್ತ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಏರಿತು.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. 15ನೆಯ ವರ್ಷಕ್ಕೆ ಕಾರು ಮುದಿಯಾಗುತ್ತದೆ, 50ನೆಯ ವರ್ಷಕ್ಕೆ ಪೂಜ್ಯವಾಗುತ್ತದೆ. ನಡುವಿನ 35 ವರ್ಷ ಅದನ್ನು ಬದುಕಿಸಿಡುವವರು ಯಾರು? ಅದೇ ಟಿಂಕರ್, ಅದೇ ಮೆಕ್ಯಾನಿಕ್. ಬಿಡಿಭಾಗ ಸಿಗದಾಗ ಬೇರೊಂದನ್ನು ಕಡೆಸಿ ಕೂರಿಸಿದವನು, ತುಕ್ಕು ತಿಂದ ತಗಡಿಗೆ ಹೊಸ ತಗಡು ಬೆಸೆದವನು. ಆದರೆ ಹಾಗೆ ಬದುಕಿಸಿದ ಗುರುತು ಸಿಕ್ಕಿತೋ, ಕಾರು ಗೌರವಕ್ಕೆ ಅನರ್ಹ! ಡೀಸೆಲ್ ಎಂಜಿನ್ ಹಾಕಿಸಿಕೊಂಡು ಒಂದು ಸಂಸಾರವನ್ನು ಸಾಕಿದ ಉಡುಪಿಯ ಟ್ಯಾಕ್ಸಿಗೆ ಇತಿಹಾಸದಲ್ಲಿ ಜಾಗವಿಲ್ಲ. ಕಾರುಖಾನೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದ ಶ್ರೀಮಂತರ ಕಾರಿಗೆ ಇದೆ. ಹಿರೊಹಾಟನ ಮರ್ಕ್ಯುರಿ ನಮ್ಮ ದೇಶದಲ್ಲಿದ್ದಿದ್ದರೆ ಇವತ್ತು ವಿಂಟೇಜ್ ಆಗುತ್ತಿರಲಿಲ್ಲ, ದಂಡ ಕಟ್ಟಿ ಗುಜರಿಗೆ ಹೋಗುತ್ತಿತ್ತು.

ಅಷ್ಟಕ್ಕೂ ಈ ‘ಮೂಲರೂಪ’ ಎಂದರೆ ಯಾವುದು? ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಪದ್ಮಿನಿ ಇಟಲಿಯ ಫಿಯೆಟ್ 1100. ನಮ್ಮ ಘಟ್ಟದ ಜೀಪು ಅಮೆರಿಕದ ಸೈನ್ಯದ ವಿಲ್ಲೀಸ್. ಎಲ್ಲವೂ ಎಲ್ಲಿಂದಲೋ ಬಂದು, ಇಲ್ಲಿನ ಬಿಸಿಲು ಮಳೆಗೆ ಹೊಂದಿಕೊಂಡು ನಮ್ಮವಾದವು. ಮೂಲದವರು ಯಾರು, ಹೊರಗಿನವರು ಯಾರು ಎಂದು ಮನುಷ್ಯರನ್ನೇ ವಿಂಗಡಿಸುವ ಕಾಲದಲ್ಲಿ ಕಾರಿನ ಮೇಲೂ ಅದೇ ತಕ್ಕಡಿ ಇಟ್ಟಿರುವುದು ನಮಗೇನೂ ಆಶ್ಚರ್ಯವಲ್ಲ. ಅಷ್ಟಮಿಯ ಮರುದಿನ ಉಡುಪಿಯಲ್ಲಿ ಮನುಷ್ಯನ ಮೈಗೆ ಹುಲಿಯ ಬಣ್ಣ ಬಳಿದರೆ ಅದು ಕಲೆ. ಮಲ್ಪೆಯ ದೋಣಿಗೆ ಒಡೆಯ ತನಗೆ ಬೇಕಾದ ಬಣ್ಣ ಬಳಿದರೆ ಅದು ಸಂಸ್ಕೃತಿ. ತಗಡಿನ ಮೈಗೆ ಹೊಸ ರೂಪ ಕೊಟ್ಟರೆ ಮಾತ್ರ ಅಪರಾಧ.

ಎರಡು ಆಕ್ಷೇಪಗಳು

‘ರಸ್ತೆಯ ಸುರಕ್ಷತೆ ಬೇಡವೇ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿತ್ಯ ಓಡಾಡುವ ನಮಗೆ ಅದರ ಬೆಲೆ ಗೊತ್ತು. ಕಂಬ ಕತ್ತರಿಸಿ ಕೆಟ್ಟ ಬೆಸುಗೆ ಹಾಕಿದ ಕಾರು ಅಪಾಯಕಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಪಾಯಕ್ಕೆ ಮದ್ದು ಪರೀಕ್ಷೆ, ನಿಷೇಧವಲ್ಲ. ಜರ್ಮನಿಯಲ್ಲಿ ಬದಲಾಯಿಸಿದ ಕಾರನ್ನು ಟುಫ್ ಎಂಬ ತಪಾಸಣಾ ಸಂಸ್ಥೆಯ ಮುಂದೆ ನಿಲ್ಲಿಸಿ, ಪಾಸಾದರೆ ಆ ಬದಲಾವಣೆಯನ್ನು ವಾಹನದ ದಾಖಲೆಯಲ್ಲೇ ಬರೆದುಕೊಡುತ್ತಾರೆ. ಬ್ರಿಟನ್ನಿನಲ್ಲಿ ಒಂದೊಂದೇ ವಾಹನವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿಯಿದೆ. ಅಷ್ಟು ದೂರ ಹೋಗುವುದೇಕೆ? ನಮ್ಮದೇ ದೇಶದಲ್ಲಿ ಬಸ್ಸಿನ ಬಾಡಿ ಕಟ್ಟುವವರಿಗೆ ಎಐಎಸ್ 052 ಎಂಬ ಮಾನದಂಡವಿದೆ, ಅದರಂತೆ ಕಟ್ಟುವವರಿಗೆ ಮಾನ್ಯತೆಯಿದೆ. ಅಂಗವಿಕಲರ ಅನುಕೂಲಕ್ಕಾಗಿ ವಾಹನ ಬದಲಿಸಲು ಆರ್‌ಟಿಒ ಒಪ್ಪಿಗೆಯ ದಾರಿಯೂ ಕಾಯ್ದೆಯಲ್ಲೇ ಇದೆ. ಐವತ್ತು ಜನ ಕೂರುವ ಬಸ್ಸಿಗೆ ಸಾಧ್ಯವಾದದ್ದು ನಾಲ್ಕು ಜನ ಕೂರುವ ಕಾರಿಗೆ ಯಾಕೆ ಸಾಧ್ಯವಿಲ್ಲ?

ಇನ್ನೊಂದು ಆಕ್ಷೇಪ: ‘ಸೈಲೆನ್ಸರ್ ಬದಲಿಸಿ ರಾತ್ರಿಯಿಡೀ ಗುಡುಗುವ ಹುಡುಗರ ಪರ ವಹಿಸುತ್ತೀರಾ?’ ಇಲ್ಲ. ಮಣಿಪಾಲದ ಇಳಿಜಾರಿನಲ್ಲಿ ರೋಗಿಗಳ, ಪರೀಕ್ಷೆಗೆ ಓದುವವರ ನಿದ್ದೆ ಕೆಡಿಸುವವನಿಗೂ ನಾವು ಹೇಳುವ ವಿದ್ಯೆಗೂ ಯಾವ ಸಂಬಂಧವೂ ಇಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಅಂತಹ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ್ದಾರೆ, ನಮ್ಮ ತಕರಾರಿಲ್ಲ. ಅವನು ಏನನ್ನೂ ಮಾಡಿಲ್ಲ, ಕೊಂಡಿದ್ದಾನೆ. ಅಂಗಡಿಯಿಂದ ಸದ್ದು ತಂದು ಸಿಕ್ಕಿಸಿದ್ದಾನೆ. ತಂದೆಯ ದುಡ್ಡಿನಿಂದ ಸ್ಟಿಕರ್ ಅಂಟಿಸಿದವನಿಗೂ ಆರು ತಿಂಗಳು ಕೂತು ಒಂದು ಕಮಾನು ತಿದ್ದಿದವನಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದ ಸಮಾಜ, ಎರಡನ್ನೂ ಒಂದೇ ರೋಲರಿನ ಕೆಳಗೆ ಹಾಕುತ್ತಿದೆ. ನಮ್ಮ ತಕರಾರು ಅಲ್ಲಿ.

ಯಾರ ಹೆಸರು, ಯಾರ ಕೈ

ಅಮೆರಿಕದಲ್ಲೂ ಒಂದು ಅನ್ಯಾಯ ನಡೆದಿದೆ, ಅದನ್ನೂ ಹೇಳಬೇಕು. ಜಾರ್ಜ್ ಬ್ಯಾರಿಸ್ ಮಾತುಗಾರ, ಪ್ರಚಾರಪ್ರಿಯ. 2015ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿಗೆ ಅವನದೇ ಹೆಸರು. ತಗಡು ಕಡಿದ ಸ್ಯಾಮ್ 1967ರಲ್ಲೇ ತೀರಿಕೊಂಡ, ಅವನನ್ನು ಬಲ್ಲವರು ಕಡಿಮೆ. 1966ರ ಟಿವಿ ಧಾರಾವಾಹಿಗೆ ಜಾರ್ಜ್ ಒದಗಿಸಿದ ಬ್ಯಾಟ್‌ಮೊಬೈಲ್ ಕಾರು 2013ರಲ್ಲಿ 40 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದರ ತಗಡಿನ ಕೆಲಸ ಮಾಡಿದ್ದು ಬಿಲ್ ಕುಶನ್‌ಬೆರಿ ಎಂಬ ಬೇರೆ ಕುಶಲಕರ್ಮಿ. ಆದರೂ ಅಲ್ಲಿ ಯಾರೋ ದಾಖಲಿಸಿದ್ದರಿಂದ ಈ ಎರಡು ಹೆಸರುಗಳು ಕಾಪುವಿನ ನಮ್ಮ ತನಕ ಬಂದಿವೆ. ನಮ್ಮ ಕರಾವಳಿಯ ಒಬ್ಬ ಟಿಂಕರನ ಹೆಸರಾದರೂ ಯಾವ ಪುಸ್ತಕದಲ್ಲಿದೆ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿ ಬಂದವರು ಕಂಪೆನಿಯ ಹೆಸರು, ಮಾಡೆಲಿನ ವರ್ಷ ಹೇಳುತ್ತಾರೆ. ಆ ತಗಡನ್ನು ಇಷ್ಟು ಕಾಲ ಕಾಪಾಡಿದ ಕೈ ಯಾರದೆಂದು ಕೇಳುವುದಿಲ್ಲ.

ಕೈಕೆಲಸಕ್ಕೆ ಗೌರವ ಕೊಡಲು ಬಾರದ ಜಿಲ್ಲೆ ನಮ್ಮದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಬೇಕಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಎಂಬ ಪಾರಂಪರಿಕ ಗ್ರಾಮವನ್ನೇ ಕಟ್ಟಿದರು. ಕಾರ್ಕಳದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರದ ಕೆತ್ತನೆ ಕಲಿಸುತ್ತಾರೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಊರಿಗೆ ಅದು ತಕ್ಕದ್ದೇ. ಮರಕ್ಕೆ, ಕಲ್ಲಿಗೆ ಸಿಕ್ಕಿದ ಮರ್ಯಾದೆ ತಗಡಿಗೆ ಸಿಗಲಿಲ್ಲ ಎಂಬುದಷ್ಟೇ ನಮ್ಮ ದುಃಖ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ತಂದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ಯುದ್ಧದ ಕವಚ ಮಾಡುವವನಿಗೂ ಜಾಗವಿದೆ, ಬಾಗಿಲ ಜಜ್ಜು ತೆಗೆಯುವವನಿಗೆ ಇಲ್ಲ!

ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿಕೊಂಡು ರೇಸ್ ಕಾರು ಮಾಡುತ್ತಾರೆ, ‘ಸೋಲಾರ್‌ಮೊಬಿಲ್’ ಎಂಬ ತಂಡ ಬಿಸಿಲಿನಿಂದ ಓಡುವ ಕಾರು ಮಾಡುತ್ತದೆ. ನಾವು ಅವರನ್ನು ಮೆಚ್ಚುತ್ತೇವೆ. ಆದರೆ ಒಂದು ಪ್ರಶ್ನೆ: ಹತ್ತಾರು ಲಕ್ಷ ಖರ್ಚು ಮಾಡಿ ಓದುವ ಹುಡುಗ ತಗಡು ಬಗ್ಗಿಸಿದರೆ ‘ಆವಿಷ್ಕಾರ’, ಗುಡ್ಡದ ಕೆಳಗಿನ ಶೆಡ್ಡಿನ ಹುಡುಗ ಬಗ್ಗಿಸಿದರೆ ‘ಆಲ್ಟರೇಶನ್’ ಹೇಗಾಗುತ್ತದೆ? ಒಬ್ಬನಲ್ಲಿ ಲೆಕ್ಕವಿದೆ, ಇನ್ನೊಬ್ಬನಲ್ಲಿ ಕೈಯಿದೆ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರೆ ಸುರಕ್ಷತೆಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ. ಬೆಸುಗೆ ಗಟ್ಟಿಯೋ ಪೊಳ್ಳೋ ಎಂದು ಪರೀಕ್ಷಿಸುವ ಯಂತ್ರ ಕಾಲೇಜಿನಲ್ಲಿರಲಿ, ಬೆಸುಗೆ ಹಾಕುವ ಕೈ ಶೆಡ್ಡಿನಿಂದ ಬರಲಿ.

ಆದ್ದರಿಂದ ನಾವು ಕೇಳುವುದು ಇಷ್ಟೇ. ಪರೀಕ್ಷೆಗೆ ಒಡ್ಡಿ ಪಾಸಾದ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ಬರೆದುಕೊಡುವ ದಾರಿ ತೆರೆಯಲಿ. ವಿಂಟೇಜ್ ನಿಯಮದ ‘ಮೂಲರೂಪ’ದ ಷರತ್ತು ಸಡಿಲಗೊಂಡು, ದುಡಿದ ವಾಹನಕ್ಕೂ ಅದನ್ನು ದುಡಿಸಿದ ಬದಲಾವಣೆಗೂ ಜಾಗ ಸಿಗಲಿ. ವಿಶ್ವಕರ್ಮ ಯೋಜನೆಗೆ ಟಿಂಕರ್ 19ನೆಯವನಾಗಿ ಸೇರಲಿ. ಐಟಿಐಗಳಲ್ಲಿ ಬಾಡಿ ರಿಪೇರಿ ಕಲಿಸಲು ನಮ್ಮ ಹಳೆಯ ಉಸ್ತಾದರನ್ನು ಕರೆಸಲಿ, ಅವರ ಹತ್ತಿರ ಸರ್ಟಿಫಿಕೇಟ್ ಕೇಳದಿರಲಿ. ಇವು ಸರಕಾರದ ಕೆಲಸ.

ಸಮುದಾಯದ ಕೆಲಸ ಬೇರೆಯೇ ಇದೆ, ಅದಕ್ಕೆ ಯಾವ ಆದೇಶವೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಮಾಡುವ ನಮ್ಮ ಜಮಾಅತ್‌ಗಳು, ಸಂಘಗಳು ವೈದ್ಯ, ಎಂಜಿನಿಯರ್, ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಶಾಲು ಹೊದಿಸುವ ವೇದಿಕೆಯ ಮೇಲೆ ಒಬ್ಬ ಉಸ್ತಾದನಿಗೂ ಕುರ್ಚಿ ಹಾಕಲಿ. ಅಂಕ ಕಡಿಮೆಯಾದವನನ್ನಲ್ಲ, ಕೈ ಚುರುಕಾಗಿರುವವನನ್ನು ಆರಿಸಿ ಅವರ ಬಳಿಗೆ ಕಳುಹಿಸಲಿ. ಇಂದು ಶೆಡ್ಡುಗಳಲ್ಲಿ ಉಳಿದಿರುವ ಉಸ್ತಾದರಿಗೆ ವಯಸ್ಸಾಗಿದೆ. ಅವರು ಸುತ್ತಿಗೆ ಕೆಳಗಿಟ್ಟ ದಿನ ಸುತ್ತಿಗೆಯೇನೋ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಅಂಗೈಯಲ್ಲಿದ್ದ ಗಣಿತವನ್ನು ಯಾವ ತಕ್ಕಡಿಯಲ್ಲಿ ತೂಗಿ ಮರಳಿ ತರುತ್ತೇವೆ?